ಒಂದು ಬೆಲ್ಲು ಸಿಸ್ಟರಿಗೆ, ಎರಡು ಬೆಲ್ಲು ಆಯಾಗೆ

ಹೋದ ತಿಂಗಳು ಜರ್ಮನಿಯಿಂದ ಒಂದು ಫೋನ್ ಬಂತು. ನಮ್ಮ ವಾರ್ಡಿನಲ್ಲಿ ಕೆಲಸ ಕಲಿತು, ಉಡುಪಿಯ ಬನ್ನಂಜೆಯಲ್ಲಿ ವರ್ಷಗಟ್ಟಲೆ ಜರ್ಮನ್ ತರಗತಿಗೆ ಹೋಗಿ, ಕೊನೆಗೂ ಪರೀಕ್ಷೆ ಪಾಸು ಮಾಡಿ ಮೊನ್ನೆ ಮೊನ್ನೆ ವಿಮಾನ ಹತ್ತಿದ ಕಾರ್ಕಳದ ಹುಡುಗಿ ಪ್ರತಿಮಾ. ಹಲೋ ಅಂದವಳೇ ಅಳಲಿಕ್ಕೆ ಶುರು ಮಾಡಿದಳು.

“ಎಂತ ಆಯ್ತು ಮಾರಾಯ್ತಿ? ಹುಷಾರಿಲ್ವಾ?”

“ಮೇಡಂ, ಇಲ್ಲಿ ನಮ್ಮನ್ನು ಆಯಾ ಮಾಡಿ ಹಾಕಿದ್ದಾರೆ. ಬೆಳಿಗ್ಗೆಯಿಂದ ಮುದುಕರ ಮೈ ತೊಳೆಸುವುದು, ಡಯಾಪರ್ ಬದಲಿಸುವುದು, ಊಟ ತಿನ್ನಿಸುವುದು. ನಾನು ಬಿ.ಎಸ್ಸಿ. ನರ್ಸಿಂಗ್ ಮಾಡಿದ್ದು ಇದಕ್ಕಾ?”

ಬೇರೆ ಯಾರಾದರೂ ಆಗಿದ್ದರೆ ಸಮಾಧಾನ ಹೇಳುತ್ತಿದ್ದೆ. ಪರದೇಶ, ಚಳಿ, ಒಬ್ಬಳೇ ಹುಡುಗಿ. ಆದರೆ ಆ ಶಬ್ದ ಅವಳ ಬಾಯಲ್ಲಿ ಬಂದದ್ದು ಕೇಳಿ ನನಗೆ ಸಿಟ್ಟು ನೆತ್ತಿಗೇರಿತು. ಫೋನ್ ಇಟ್ಟುಬಿಟ್ಟೆ. ಯಾಕೆ ಹಾಗೆ ಮಾಡಿದೆ ಎಂದು ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ನನ್ನ ಹೆಸರು ಜೆಸಿಂತಾ. ಶಿರ್ವದವಳು. ಉಡುಪಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್ ಆಗಿ ಸೇರಿ, ವಾರ್ಡ್ ಇನ್‌ಚಾರ್ಜ್ ಆಗಿ, ಕೊನೆಗೆ ನರ್ಸಿಂಗ್ ಸೂಪರಿಂಟೆಂಡೆಂಟ್ ಎಂಬ ಉದ್ದ ಹೆಸರಿನ ಕುರ್ಚಿಯಲ್ಲಿ ಕೂತು ನಿವೃತ್ತಳಾದೆ. ಬಡ್ತಿಯ ಕಥೆ ನಿಮಗೆ ಬೇಡ. ಆಗ ನಾನು ಹಂಚಿದ ಲಾಡು ತಿಂದವರಿಗೇ ಅದು ನೆನಪಿಲ್ಲ. ಆಸ್ಪತ್ರೆಯ ಹೆಸರೂ ಬರೆಯುವುದಿಲ್ಲ. ಅದು ಕೈ ಬದಲಾಗಿ, ಬೋರ್ಡೂ ಬದಲಾಗಿದೆ. ಈಗ ನರ್ಸಿಂಗ್ ಸೇರುವ ಮಕ್ಕಳು, ಮುಗಿಸಿ ಜರ್ಮನಿ, ಇಟಲಿ, ಐರ್ಲೆಂಡ್ ಎಂದು ಹೊರಡುವ ಮಕ್ಕಳು ಸಿಹಿತಿಂಡಿಯ ಪೆಟ್ಟಿಗೆ ಹಿಡಿದುಕೊಂಡು ನನ್ನ ಮನೆಗೆ ಬರುತ್ತಾರೆ. “ಮೇಡಂ, ಆಶೀರ್ವಾದ ಮಾಡಿ, ಏನಾದರೂ ಟಿಪ್ಸ್ ಕೊಡಿ” ಎನ್ನುತ್ತಾರೆ. ಇದೇ ಟಿಪ್ಸ್ ಎಂದು ತಿಳಿದುಕೊಳ್ಳಿ. ಇದರಲ್ಲಿ ಸಿಹಿ ಇಲ್ಲ.

ನಾನು ಸೇರಿದಾಗ ನಮ್ಮ ವಾರ್ಡಿನಲ್ಲಿ ಪ್ರತಿ ಮಂಚದ ತಲೆಯ ಹತ್ತಿರ ಒಂದು ಗುಂಡಿ ಇತ್ತು. ರೋಗಿ ಅದನ್ನು ಒತ್ತಿದರೆ ನಮ್ಮ ಡ್ಯೂಟಿ ಮೇಜಿನ ಮೇಲೆ ಬೆಲ್ಲು ಆಗುತ್ತದೆ, ಯಾವ ಮಂಚ ಎಂದು ದೀಪ ಹತ್ತುತ್ತದೆ. ಮೊದಲ ದಿನವೇ ಮೇಟ್ರನ್ ನನ್ನನ್ನು ನಿಲ್ಲಿಸಿ ಪಾಠ ಹೇಳಿದರು. “ಒಂದು ಬೆಲ್ಲು ಸಿಸ್ಟರಿಗೆ, ಎರಡು ಬೆಲ್ಲು ಆಯಾಗೆ. ಇಂಜೆಕ್ಷನ್, ಗ್ಲೂಕೋಸ್, ನೋವು ಎಂದರೆ ಒಂದು. ಬೆಡ್‌ಪ್ಯಾನ್, ವಾಂತಿ, ಒದ್ದೆ ಬಟ್ಟೆ ಎಂದರೆ ಎರಡು. ಎರಡು ಬೆಲ್ಲಿಗೆ ನೀನು ಎದ್ದರೆ ಯೂನಿಫಾರ್ಮಿನ ಮರ್ಯಾದೆ ಹೋಯಿತು ಎಂದು ಲೆಕ್ಕ.” ಅಡ್ಮಿಟ್ ಆದ ಪ್ರತಿಯೊಬ್ಬ ರೋಗಿಗೂ ಇದನ್ನು ಬಾಯಿಪಾಠ ಮಾಡಿಸುತ್ತಿದ್ದೆವು. ಹೊಟ್ಟೆ ಹಿಡಿದುಕೊಂಡು ಒದ್ದಾಡುವ ಮನುಷ್ಯ ಮೊದಲು ಯೋಚಿಸಬೇಕು, ತನ್ನ ಸಂಕಟ ಯಾವ ಜಾತಿಯದ್ದು ಎಂದು.

ಒಮ್ಮೆ ನಾನು ಎದ್ದುಬಿಟ್ಟೆ. ಆಯಾ ಊಟಕ್ಕೆ ಕೂತಿದ್ದಳು, ಎರಡು ಬೆಲ್ಲು ಆಯಿತು, ಮುದುಕಿಯೊಬ್ಬಳು ವಾಂತಿ ಮಾಡುತ್ತಿದ್ದಳು. ಟ್ರೇ ಹಿಡಿದು ನಿಂತೆ. ಅಷ್ಟರಲ್ಲಿ ಮೇಟ್ರನ್ ಬಂದರು. ರೋಗಿಯನ್ನು ನೋಡಲು ಬಂದವರೆಲ್ಲ ಇದ್ದಾರೆ ಎಂಬುದನ್ನೂ ನೋಡದೆ, “ಜೆಸಿಂತಾ, ನಿನಗೆ ಆಯಾ ಆಗುವ ಆಸೆ ಇದ್ದರೆ ಹೇಳು, ಸೀರೆ ಬದಲಿಸಿ ಕೊಡ್ತೇನೆ” ಎಂದರು. ಬಂದವರು ನಕ್ಕರು. ಆ ಮುದುಕಿ ಮಾತ್ರ ವಾಂತಿ ಮಾಡುತ್ತಲೇ ನನ್ನ ಕೈ ಗಟ್ಟಿ ಹಿಡಿದುಕೊಂಡಿದ್ದಳು.

ಕಾಲೇಜಿನಲ್ಲಿ ನಾವು ರೋಗಿಯ ಮೈ ಒರೆಸುವುದು, ಬೆನ್ನಿನ ಆರೈಕೆ, ಬಾಯಿಯ ಆರೈಕೆ ಎಲ್ಲ ಓದಿದ್ದೆವು. ಬೊಂಬೆಯ ಮೇಲೆ ಮಾಡಿ ತೋರಿಸಿ ಒಳ್ಳೆಯ ಮಾರ್ಕೂ ತೆಗೆದಿದ್ದೆವು. ವಾರ್ಡಿಗೆ ಬಂದ ಮೇಲೆ ಅದೆಲ್ಲ ಆಯಾ ಕೆಲಸ ಆಯಿತು. ನಾವು ಪುಸ್ತಕ ಓದಿದವರು, ಅವರು ಮಾಡುವವರು. ಪುಸ್ತಕದಲ್ಲಿ ಅದು ನರ್ಸಿನ ಮೊದಲ ಕರ್ತವ್ಯ ಎಂದೇ ಬರೆದಿತ್ತು. ಹಾಗಾದರೆ ಇದು ಹೇಗೆ ಆಯಾ ಕೆಲಸ ಎಂದು ಯಾರೂ ಕೇಳಲಿಲ್ಲ.

ನಮ್ಮ ವಾರ್ಡಿನ ಆಯಾ ಗುಲಾಬಿಯಕ್ಕ. ಕಾಪು ಕಡಲ ಬದಿಯವಳು. ತಲೆಯಲ್ಲಿ ಅಬ್ಬಲಿಗೆ ಮುಡಿದುಕೊಂಡು, ಮೊದಲ ಬಸ್ಸಿಗೆ ಬಂದು, ಗಟ್ಟಿ ಸ್ವರದಲ್ಲಿ ಇಡೀ ವಾರ್ಡನ್ನು ಎಬ್ಬಿಸುವವಳು. ನಾವಿಬ್ಬರೂ ಮಾತಾಡುವುದು ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಎಲ್ಲರೂ ನನ್ನನ್ನು ಸಿಸ್ಟರ್ ಎಂದರೆ ಅವಳು ಮಾತ್ರ ಬಾಯಮ್ಮ ಎನ್ನುತ್ತಿದ್ದಳು, ಊರಿನಲ್ಲಿ ಕ್ರಿಸ್ತುವರ ಹೆಂಗಸರನ್ನು ಕರೆಯುವ ಹಾಗೆ. ಆಗ ಬೆಡ್‌ಪ್ಯಾನ್ ಎಲ್ಲ ಸ್ಟೀಲಿನದ್ದು. ಅವಳು ಅದನ್ನು ರೋಗಿಗೆ ಇಡುವ ಮೊದಲು ಬಿಸಿನೀರು ಹಾಕಿ, ಚೆಲ್ಲಿ, ಬಟ್ಟೆಯಲ್ಲಿ ಒರೆಸಿ, ತನ್ನ ಕೈಯ ಹಿಂಬದಿಯಿಂದ ಮುಟ್ಟಿ ನೋಡಿ ಆಮೇಲೆಯೇ ಇಡುವುದು. ಅಷ್ಟೆಲ್ಲ ಯಾಕೆ ಎಂದು ನಾನೊಮ್ಮೆ ಕೇಳಿದೆ.

“ತಣ್ಣಗಿನ ಸ್ಟೀಲು ತಾಗಿದರೆ ಬಂದದ್ದೂ ಒಳಗೆ ಹೋಗ್ತದೆ ಬಾಯಮ್ಮ” ಎಂದಳು.

ಹೊಸ ಹೊಸ ಡಾಕ್ಟರುಗಳು, ಅವಳ ಮಗನ ಪ್ರಾಯದವರು, “ಏ ಆಯಾ” ಎಂದು ಕೂಗುತ್ತಿದ್ದರು. ಅವಳಿಗೊಂದು ಹೆಸರು ಉಂಟು ಎಂದು ನಾನು ಒಬ್ಬನಿಗೆ ಹೇಳಿದ್ದಕ್ಕೆ, “ಆಯಾ ಅಂದರೆ ಬೈಗುಳ ಅಲ್ವಲ್ಲ ಸಿಸ್ಟರ್, ಪೋಸ್ಟಿನ ಹೆಸರು” ಎಂದು ನನಗೇ ತಿರುಗಿಸಿ ಕೊಟ್ಟ. ಅದು ಪೋಸ್ಟಿನ ಹೆಸರಾದದ್ದು ಹೇಗೆ ಎಂಬುದು ನನಗೆ ತಿಳಿದದ್ದು ಆಮೇಲೆ, ಒಬ್ಬಳು ಪೋರ್ಚುಗಲ್ ಹುಡುಗಿಯಿಂದ.

ಮಣಿಪಾಲಕ್ಕೆ ಯುರೋಪಿನ ವೈದ್ಯಕೀಯ ವಿದ್ಯಾರ್ಥಿಗಳು ಕೆಲವು ವಾರಗಳ ಮಟ್ಟಿಗೆ ಬರುವುದುಂಟು. ಅವರಲ್ಲಿ ಒಂದಿಬ್ಬರು ಸಣ್ಣ ಆಸ್ಪತ್ರೆಯನ್ನೂ ನೋಡುತ್ತೇವೆಂದು ನಮ್ಮಲ್ಲಿಗೆ ಬರುತ್ತಿದ್ದರು. ಹಾಗೆ ಬಂದವಳು ಇನೆಸ್. ಅಷ್ಟು ಹೊತ್ತಿಗೆ ನಾನು ವಾರ್ಡ್ ಇನ್‌ಚಾರ್ಜ್. ನಾವು ಸಾಬೂನು, ಚಾವಿ, ಅಲಮಾರು, ತುವಾಲು, ಬಟಾಟೆ ಎಂದಾಗೆಲ್ಲ ಅವಳು ಕೈ ತಟ್ಟಿ ನಗುತ್ತಿದ್ದಳು, “ಅದು ನಮ್ಮ ಶಬ್ದ, ಅದೂ ನಮ್ಮದು” ಎಂದು. ಒಂದು ದಿನ ಯಾರೋ ಆಯಾ ಎಂದು ಕೂಗಿದರು. ಗುಲಾಬಿಯಕ್ಕ ಬಕೆಟು ಹಿಡಿದುಕೊಂಡು ಓಡಿದಳು. ಇನೆಸ್ ಈ ಸಲ ನಗಲಿಲ್ಲ.

“ಇವರನ್ನು ಆಯಾ ಎನ್ನುತ್ತೀರಾ? ನಮ್ಮಲ್ಲಿ ಅದು ಅರಮನೆಯ ಶಬ್ದ” ಎಂದಳು. ಪೋರ್ಚುಗೀಸಿನಲ್ಲಿ ಅದನ್ನು ಹೇಳುವುದು ಹೆಚ್ಚುಕಡಿಮೆ ನಮ್ಮ ಹಾಗೆಯೇ. ರಾಜನ ಮಕ್ಕಳನ್ನು ಎತ್ತಿ ಆಡಿಸಿ, ನಡತೆ ಕಲಿಸಿ, ದೊಡ್ಡವರಾಗುವ ತನಕ ಕಾಯುವ ಗೌರವದ ಹೆಂಗಸು. ರಾಣಿಯ ಹತ್ತಿರ ನಿಲ್ಲುವ ಸಖಿಗೂ ಅದೇ ಹೆಸರು. ದೊಡ್ಡ ಮನೆತನದವರಿಗೆ ಮಾತ್ರ ಆ ಸ್ಥಾನ ಸಿಗುತ್ತಿತ್ತಂತೆ.

ನಾನು ಗುಲಾಬಿಯಕ್ಕನನ್ನು ಕರೆದು ಹೇಳಿದೆ. ಅವಳು ಬಕೆಟು ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕಳು. “ಆಗಲಿ ಬಾಯಮ್ಮ. ರಾಜನ ಮಗಳಿಗೂ ಬೆಡ್‌ಪ್ಯಾನ್ ಬೇಕಲ್ಲ!”

ಅವಳು ನಕ್ಕಳು, ನನಗೆ ಮೈ ಉರಿಯಿತು. ಹಡಗಿನಲ್ಲಿ ಬಂದ ಸಾಬೂನು ಇಲ್ಲಿಯೂ ಸಾಬೂನಾಗಿಯೇ ಉಳಿಯಿತು. ಚಾವಿ ಚಾವಿಯಾಗಿಯೇ, ಅಲಮಾರು ಅಲಮಾರಾಗಿಯೇ ಉಳಿದವು. ಹೆಂಗಸು ಮಾತ್ರ ಅರಮನೆಯಿಂದ ಪಾಯಿಖಾನೆಗೆ ಇಳಿದಳು. ಇಳಿಸಿದವರು ಯಾರು?

ಆಮೇಲೆ ನನಗದು ಒಂದು ಹುಚ್ಚೇ ಆಯಿತು. ಯುರೋಪಿನ ಯಾರು ವಾರ್ಡಿಗೆ ಬಂದರೂ ಚಹಾ ಕೊಟ್ಟು ಈ ಶಬ್ದ ಕೇಳುತ್ತಿದ್ದೆ. ಸ್ಪೇನಿನವನೊಬ್ಬ, ನಮ್ಮಲ್ಲಿಯೂ ಉಂಟು, ಶ್ರೀಮಂತರ ಮಕ್ಕಳಿಗೆ ಓದು, ನಡತೆ ಕಲಿಸುವವಳು ಎಂದ. ಇಟಲಿಯ ಡಾಕ್ಟರ್ ತಮ್ಮ ಭಾಷೆಯಲ್ಲಿ ಅದು ಹಳೆಯ ಶಬ್ದ, ಈಗ ಅಜ್ಜಿಯಂದಿರಿಗೆ ಮಾತ್ರ ಗೊತ್ತು ಎಂದರು. ಮಣಿಪಾಲದಲ್ಲಿ ಫ್ರೆಂಚ್ ಕಲಿಸುತ್ತಿದ್ದ ಮೇಡಂ ಒಬ್ಬರು ಹೊಟ್ಟೆನೋವೆಂದು ಅಡ್ಮಿಟ್ ಆಗಿದ್ದರು. ಅವರು ಗ್ಲೂಕೋಸ್ ಬಾಟಲಿಯ ಕೆಳಗೆ ಮಲಗಿಕೊಂಡೇ ಮೂಲ ಹೇಳಿದರು. ಲ್ಯಾಟಿನಿನಲ್ಲಿ ಅಜ್ಜಿಗೆ ಒಂದು ಶಬ್ದ ಉಂಟಂತೆ, ಅದರಿಂದ ಹುಟ್ಟಿದ್ದು ಇದು ಎಂದು ಬಹಳ ಮಂದಿ ಹೇಳುತ್ತಾರೆ, ಎಲ್ಲರೂ ಒಪ್ಪುವುದಿಲ್ಲ. ಫ್ರೆಂಚಿನಲ್ಲಿ ಅದೇ ಬೇರಿನಿಂದ ಅಜ್ಜಿ, ಹಿರಿಯಳು ಎಂಬ ಶಬ್ದ ಬಂತು. ಸ್ಪೇನಿನವರು ಅಜ್ಜಿಯನ್ನು ಕರೆಯುವುದೂ ಅದರದೇ ಇನ್ನೊಂದು ರೂಪದಿಂದ. ಅಂದರೆ ಮೊದಲು ಅಜ್ಜಿ, ಆಮೇಲೆ ರಾಜಕುಮಾರಿಯ ಕಾವಲಿನವಳು.

ನಡುವಿನ ಮೆಟ್ಟಿಲು ತೋರಿಸಿದ್ದು ಒಬ್ಬ ಇಂಗ್ಲಿಷ್ ಮುದುಕ. ಹೂಡೆಯ ಹತ್ತಿರ ಕಡಲ ಬದಿಯಲ್ಲಿ ತಂಗಿದ್ದವನು, ವಾಂತಿ ಭೇದಿ ಹಿಡಿದು ನಮ್ಮಲ್ಲಿಗೆ ಬಂದಿದ್ದ. ಆಯಾ ಎಂಬ ಶಬ್ದ ಕೇಳಿದ ಕೂಡಲೇ ಅವನ ಕಣ್ಣಲ್ಲಿ ನೀರು. ಅವನ ಅಜ್ಜಿ ಹುಟ್ಟಿದ್ದು ಇಂಡಿಯಾದಲ್ಲಿ, ಸಾಕಿದ್ದು ಒಬ್ಬಳು ಆಯಾ. ಇಂಗ್ಲಿಷಿನವರು ಆ ಶಬ್ದವನ್ನು ಪೋರ್ಚುಗೀಸರಿಂದ ತೆಗೆದುಕೊಂಡು, ಬಂಗಲೆಯಲ್ಲಿ ಬಿಳಿಯ ಮಕ್ಕಳನ್ನು ನೋಡಿಕೊಳ್ಳುವ ಕರಿಯ ಕೆಲಸದವಳಿಗೆ ಇಟ್ಟರು. ಮೊಬೈಲಿನಲ್ಲಿ ಹಳೆಯ ಚಿತ್ರವೊಂದನ್ನು ತೋರಿಸಿದ. ಲೇಸಿನ ಅಂಗಿ ಹಾಕಿದ ಮಗು, ಅದನ್ನು ಎತ್ತಿಕೊಂಡ ಹೆಂಗಸು.

“ಇವಳ ಹೆಸರು?” ನಾನು ಕೇಳಿದೆ.

“ಆಯಾ.”

“ಅದಲ್ಲ, ಹೆಸರು.”

ಅವನು ತಬ್ಬಿಬ್ಬಾದ. ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲವಂತೆ, ಅಜ್ಜಿಗೂ. ಆದರೆ ಅಜ್ಜಿ ಸಾಯುವಾಗ ಅವಳನ್ನೇ ಕರೆದಳಂತೆ. ಗುಲಾಬಿಯಕ್ಕ ಬಗ್ಗಿ ಚಿತ್ರ ನೋಡಿದಳು. “ಪಾಪ. ಇವಳ ಮಕ್ಕಳನ್ನು ಯಾರು ನೋಡಿಕೊಂಡರಂತೆ, ಕೇಳಿ ಬಾಯಮ್ಮ” ಎಂದಳು. ನಾನು ಇಂಗ್ಲಿಷಿನಲ್ಲಿ ಕೇಳಿದೆ. ಅವನು ಚಿತ್ರವನ್ನು ಇನ್ನೊಮ್ಮೆ ನೋಡಿ ಮೊಬೈಲನ್ನು ದಿಂಬಿನ ಕೆಳಗೆ ಇಟ್ಟ.

ಕೊನೆಗೆ ಬಂದವನು ಜರ್ಮನಿಯ ಯೋಹಾನೆಸ್. ತಮ್ಮ ಹಳೆಯ ಪುಸ್ತಕಗಳಲ್ಲಿ ಈ ಶಬ್ದ ಉಂಟು, ಅರಮನೆಯ ಮಕ್ಕಳನ್ನು ಬೆಳೆಸುವವಳು ಎಂದ. ಈಗ ಯಾರೂ ಹೇಳುವುದಿಲ್ಲ. ಹಾಗಾದರೆ ನಿಮ್ಮ ಆಸ್ಪತ್ರೆಯಲ್ಲಿ ಬೆಡ್‌ಪ್ಯಾನ್ ಇಡುವವಳಿಗೆ ಎಂತ ಹೇಳುತ್ತೀರಿ ಎಂದು ಕೇಳಿದೆ. ಅವನಿಗೆ ನನ್ನ ಪ್ರಶ್ನೆಯೇ ಅರ್ಥ ಆಗಲಿಲ್ಲ. “ನರ್ಸ್ ಎಂದು” ಎಂದ. “ಅದಕ್ಕೆ ಬೇರೆಯವರು ಯಾಕೆ?” ನಮ್ಮ ಡ್ಯೂಟಿ ಮೇಜಿನಲ್ಲಿ ಚಾರ್ಟ್ ಬರೆಯುತ್ತಿದ್ದ ಹುಡುಗಿಯರು ಮುಖ ಮುಖ ನೋಡಿಕೊಂಡರು. ಅವರಲ್ಲಿ ಪ್ರತಿಮಾಳೂ ಇದ್ದಳು. ಅವಳು ಆಗಷ್ಟೇ ಕೆಲಸಕ್ಕೆ ಸೇರಿದ್ದಳು.

ಅದೇ ವರ್ಷ ಆದದ್ದು ಕಾರ್ಕಳದ ಮಾಸ್ಟ್ರ ಕೇಸು. ನಿವೃತ್ತ ಶಾಲಾ ಮಾಸ್ಟ್ರು, ಹರ್ನಿಯಾ ಆಪರೇಷನ್ ಆಗಿ ಮಲಗಿದ್ದರು. ಶಿಸ್ತಿನ ಮನುಷ್ಯ, ಬೆಲ್ಲಿನ ನಿಯಮವನ್ನು ಮಗ್ಗಿಯ ಹಾಗೆ ಪಾಲಿಸುತ್ತಿದ್ದರು. ಮಧ್ಯಾಹ್ನದ ಹೊತ್ತು. ನಾನು ಮೇಲಿನ ಮಹಡಿಯಲ್ಲಿ ಮೀಟಿಂಗಿನಲ್ಲಿದ್ದೆ. ವಾರ್ಡಿನಲ್ಲಿ ಡ್ಯೂಟಿ ಪ್ರತಿಮಾಳದ್ದು. ಮಾಸ್ಟ್ರಿಗೆ ಬೆಡ್‌ಪ್ಯಾನ್ ಬೇಕಾಯಿತು, ಎರಡು ಬೆಲ್ಲು ಒತ್ತಿದರು. ಗುಲಾಬಿಯಕ್ಕ ವಾರ್ಡಿನಲ್ಲಿ ಇಲ್ಲ. ಮಾಸ್ಟ್ರು ಕಾದು ಮತ್ತೆ ಎರಡು ಬೆಲ್ಲು ಒತ್ತಿದರು. ಮಾಸ್ಟ್ರು ಮಂಚದಿಂದ ಮಾತಾಡಿದರೆ ಕೇಳುವಷ್ಟು ಹತ್ತಿರ ಪ್ರತಿಮಾ ಕೂತಿದ್ದಳು. ದೀಪ ನೋಡಿದಳು, ಬೆಲ್ಲು ಎಣಿಸಿದಳು, ಚಾರ್ಟ್ ಬರೆಯುತ್ತ ಕೂತಳು. ನಾವು ಕಲಿಸಿದ್ದೂ ಅದನ್ನೇ. ಒಂದು ಬೆಲ್ಲು ಒತ್ತಿದ್ದರೆ ಅವಳು ಓಡಿ ಹೋಗುತ್ತಿದ್ದಳು. ಆದರೆ ಮಾಸ್ಟ್ರು ಸುಳ್ಳು ಬೆಲ್ಲು ಒತ್ತುವ ಜನ ಅಲ್ಲ. ತಡೆಯಲಾಗದೆ ತಾನೇ ಎದ್ದರು, ಪಾಯಿಖಾನೆಯ ಹೊಸ್ತಿಲಲ್ಲಿ ಬಿದ್ದರು, ಸೊಂಟದ ಮೂಳೆ ಮುರಿಯಿತು.

ಮಗ ದುಬೈಯಿಂದ ಹಾರಿ ಬಂದ. ಅವನ ಸಿಟ್ಟು ನ್ಯಾಯದ್ದೇ. ಯಾರನ್ನಾದರೂ ಕೆಲಸದಿಂದ ತೆಗೆಯದೆ ಇದ್ದರೆ ಕೋರ್ಟಿಗೆ ಹೋಗುತ್ತೇನೆ ಎಂದ. ಡೈರೆಕ್ಟರ್ ಸಾಹೇಬರು ತಮ್ಮ ಕೋಣೆಯಲ್ಲಿ ಎಲ್ಲರನ್ನೂ ನಿಲ್ಲಿಸಿದರು.

“ಎರಡು ಬೆಲ್ ಅಂದರೆ ಯಾರಿಗೆ?”

“ಆಯಾಗೆ” ಎಂದ ಎಚ್.ಆರ್. ನವನು.

“ಆಯಾ ಎಲ್ಲಿದ್ದಳು?”

“ಲ್ಯಾಬಿಗೆ ಹೋಗಿದ್ದೆ ಸಾರ್, ರಕ್ತದ ಸ್ಯಾಂಪಲ್ ಕೊಡಲಿಕ್ಕೆ” ಎಂದಳು ಗುಲಾಬಿಯಕ್ಕ. “ಸಿಸ್ಟರ್ ಹೇಳಿದರು.”

“ಯಾವ ಸಿಸ್ಟರ್?”

ಗುಲಾಬಿಯಕ್ಕ ಪ್ರತಿಮಾಳ ಮುಖ ನೋಡಿದಳು. ಪ್ರತಿಮಾ ನೆಲ ನೋಡಿದಳು. ನಾನೇ ಕೇಳಿದೆ, “ಪ್ರತಿಮಾ, ನೀನು ಕಳಿಸಿದ್ದಾ?”

“ನೆನಪಿಲ್ಲ ಮೇಡಂ.”

ನೆನಪಿಲ್ಲ! ಹಿಂದಿನ ದಿನ ಆದದ್ದು. ಲ್ಯಾಬಿನವರು, ಹೌದು ಸ್ಯಾಂಪಲ್ ತಂದಿದ್ದಳು ಎಂದರು. ತಂದರೆ ತಂದಿರಬಹುದು, ಹೇಳಿ ಕಳಿಸಿದ್ದಕ್ಕೆ ಸಾಕ್ಷಿ ಏನು, ಚಹಾಕ್ಕೆ ಹೋಗುವ ನೆವ ಇರಬಹುದು ಎಂದರು ಸಾಹೇಬರು. ನನಗೆ ತಡೆಯಲಿಕ್ಕೆ ಆಗಲಿಲ್ಲ. ಬೆಲ್ಲು ಆದಾಗ ಹತ್ತಿರ ಒಬ್ಬಳು ನರ್ಸ್ ಇದ್ದಳಲ್ಲ, ಅವಳು ಯಾಕೆ ಏಳಲಿಲ್ಲ ಎಂದು ಕೇಳಿ ಎಂದೆ. ಏಳಬಾರದು ಎಂದು ನಿಯಮ ಮಾಡಿದವರು ಯಾರು ಎಂದೆ. ಬಾಯಿ ನಿಲ್ಲಲಿಲ್ಲ; ಪೋರ್ಚುಗಲ್, ಅರಮನೆ, ಜರ್ಮನಿಯಲ್ಲಿ ಆಯಾ ಎಂಬ ಪೋಸ್ಟೇ ಇಲ್ಲ, ಎಲ್ಲ ಹೇಳಿದೆ. ಸಾಹೇಬರು ಕುರ್ಚಿಗೆ ಒರಗಿ ನಕ್ಕರು.

“ಸಿಸ್ಟರ್, ನಿಮಗೆ ಭಾಷಾಶಾಸ್ತ್ರ ಬೇರೆ ಗೊತ್ತುಂಟಾ? ಇಲ್ಲಿ ಒಬ್ಬರ ಸೊಂಟ ಮುರಿದಿದೆ.”

ಆ ನಗು ಈಗ ನೆನಪಾದರೂ ನಾನು ಹಲ್ಲು ಕಡಿಯುತ್ತೇನೆ. ಗುಲಾಬಿಯಕ್ಕನನ್ನು ಅದೇ ದಿನ ಕೆಲಸದಿಂದ ತೆಗೆದರು. ಕಾರಣ, ರೋಗಿಯನ್ನು ಬಿಟ್ಟು ಹೋದದ್ದು. ಎಲ್ಲರೂ ಕೈ ತೊಳೆದುಕೊಂಡರು. ಮಾಸ್ಟ್ರು ಮಾತ್ರ ಮಂಚದಲ್ಲಿ ಮಲಗಿದ್ದಲ್ಲಿಂದಲೇ, “ಆ ಹೆಂಗಸಿನ ತಪ್ಪಲ್ಲ ಮಾರಾಯ್ರೆ, ಅವಳನ್ನು ಕರೆಸಿ, ನನ್ನನ್ನು ಮಗ್ಗುಲು ಮಾಡಲಿಕ್ಕೆ ಅವಳೇ ಆಗಬೇಕು” ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಮಗ ಅವರನ್ನು ಸುಮ್ಮನಿರಿಸಿದ.

ಗುಲಾಬಿಯಕ್ಕ ಬಸ್ ಸ್ಟಾಂಡಿನ ತನಕ ನನ್ನ ಜೊತೆ ಬಂದಳು. ಅಳಲಿಲ್ಲ. “ಕೆಲಸ ಹೋದರೆ ಹೋಗಲಿ ಬಾಯಮ್ಮ. ಕೈಕಾಲು ಗಟ್ಟಿ ಉಂಟು. ಆದರೆ ರೋಗಿಯನ್ನು ಬಿಟ್ಟು ಹೋದವಳು ಅಂತ ಹೆಸರು ಬಂತಲ್ಲ. ಅದನ್ನು ಯಾರು ತೆಗೀತಾರೆ?”

ನನ್ನಿಂದ ಆಗಲಿಲ್ಲ. ಸಾಹೇಬರ ಬಾಗಿಲು ತಟ್ಟಿದೆ, ಆಡಳಿತ ಮಂಡಳಿಯ ಒಬ್ಬೊಬ್ಬರ ಮನೆಗೂ ಹೋದೆ. ಎಲ್ಲ ಕಡೆ ಜ್ಯೂಸ್ ಸಿಕ್ಕಿತು, ನ್ಯಾಯ ಸಿಗಲಿಲ್ಲ. ಪ್ರತಿಮಾಳನ್ನು ಸ್ಟೋರ್ ರೂಮಿಗೆ ಕರೆದು ಕೇಳಿದೆ, ಬೈದೆ, ಬೇಡಿಕೊಂಡೆ. ಅವಳು ಅದೇ ಹಾಡು ಹಾಡಿದಳು. ನೆನಪಿಲ್ಲ ಮೇಡಂ. ಅವಳ ಜರ್ಮನ್ ತರಗತಿ ಶುರುವಾಗಿತ್ತು. ಅನುಭವದ ಸರ್ಟಿಫಿಕೇಟಿನಲ್ಲಿ ಕಪ್ಪು ಚುಕ್ಕೆ ಬೀಳಬಾರದು ಎಂಬ ಭಯ. ಭಯ ನನಗೆ ಅರ್ಥ ಆಗುತ್ತದೆ. ಅರ್ಥ ಆದರೆ ಸಿಟ್ಟು ಇಳಿಯಬೇಕು ಎಂದೇನೂ ಇಲ್ಲವಲ್ಲ.

ನನ್ನ ಕೈಯಲ್ಲಿದ್ದದ್ದು ನನ್ನ ವಾರ್ಡು. ಗುಲಾಬಿಯಕ್ಕ ಹೋದ ಮರುದಿನವೇ ಎರಡು ಬೆಲ್ಲಿನ ಪದ್ಧತಿ ತೆಗೆದುಹಾಕಿದೆ. ಬೆಲ್ಲು ಆದರೆ ಹತ್ತಿರ ಇದ್ದವರು ಹೋಗಬೇಕು, ಡಿಗ್ರಿ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಹುಡುಗಿಯರು ಮುಖ ಊದಿಸಿಕೊಂಡರು. ಒಬ್ಬಳು, “ಮನೆಯಲ್ಲಿ ಗೊತ್ತಾದರೆ ಮದುವೆ ಸಂಬಂಧ ತಪ್ಪುತ್ತದೆ ಮೇಡಂ” ಎಂದಳು. ನಾನು ಬೆಡ್‌ಪ್ಯಾನ್ ಹಿಡಿದುಕೊಂಡು, ನೋಡಲು ಬಂದವರ ಎದುರಿನಿಂದಲೇ ವಾರ್ಡಿನ ಉದ್ದಕ್ಕೂ ನಡೆದೆ, ದಿನಾ ನಡೆದೆ. ಮೇಲಿನಿಂದ ಕರೆ ಬಂತು. ಸಂಸ್ಥೆಯ ಘನತೆಯ ಬಗ್ಗೆ ಉಪನ್ಯಾಸ ಆಯಿತು. ಕಿವಿಯಲ್ಲಿ ಹತ್ತಿ ಇಟ್ಟುಕೊಂಡವಳ ಹಾಗೆ ಕೇಳಿಸಿಕೊಂಡು ಬಂದು ಪುನಃ ಅದನ್ನೇ ಮಾಡಿದೆ. ಬೇರೆ ವಾರ್ಡುಗಳಲ್ಲಿ ಮಾತ್ರ ನಾನು ಸೂಪರಿಂಟೆಂಡೆಂಟ್ ಆಗುವ ತನಕವೂ ಬೆಲ್ಲು ಎಣಿಸುತ್ತಲೇ ಇದ್ದರು.

ಸೂಪರಿಂಟೆಂಡೆಂಟ್ ಆದೆ ಎಂದು ಮೆರೆಯಲಿಕ್ಕೂ ಇಲ್ಲ. ಅಷ್ಟರಲ್ಲಿ ಆಸ್ಪತ್ರೆಯನ್ನು ಹೊಸಬರು ಕೊಂಡುಕೊಂಡರು. ಆಯಾ ಎಂಬ ಶಬ್ದ ಅವಮಾನದ್ದು, ಇನ್ನು ಮುಂದೆ ಯಾರೂ ಬಳಸಬಾರದು ಎಂದರು. ಒಂದು ಕ್ಷಣ ನಾನೂ ಖುಷಿಪಟ್ಟೆ, ದಡ್ಡಿ. ಆಯಾಗಳಿಗೆಲ್ಲ ‘ಪೇಷಂಟ್ ಕೇರ್ ಅಸೋಸಿಯೇಟ್’ ಎಂದು ಎದೆಗೆ ಬಿಲ್ಲೆ ಸಿಕ್ಕಿಸಿ, ಅದೇ ವಾರ ಎಲ್ಲರನ್ನೂ ಕಾಂಟ್ರಾಕ್ಟರನ ಕೈಗೆ ಕೊಟ್ಟರು. ಸಂಬಳ ಇಳಿಯಿತು, ರಜೆ ಹೋಯಿತು. ಹೆಸರು ಅರಮನೆಗೆ ಹತ್ತಿತು, ಹೆಂಗಸು ಇದ್ದಲ್ಲೇ ಇದ್ದಳು. ಇಂಗ್ಲಿಷಿನಲ್ಲಿ ಚಂದದ ಹೆಸರು ಕೊಡುವವರನ್ನು ಕಂಡರೆ ಅಂದಿನಿಂದ ನನಗೆ ಗುಮಾನಿ.

ಗುಲಾಬಿಯಕ್ಕ ಮನೆಗಳಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಕೆಲಸ ಹುಡುಕಿದಳು. ಅಂಥ ಕೆಲಸಕ್ಕೆ ಜನ ಕಳಿಸುವ ಏಜೆನ್ಸಿಯವರು ಅವಳಿಗೆ ಕೊಟ್ಟ ಹೆಸರು ‘ಹೋಂ ನರ್ಸ್’. ನಗಬೇಕೋ ಅಳಬೇಕೋ? ಆಸ್ಪತ್ರೆಯಲ್ಲಿ ಅದೇ ಕೆಲಸಕ್ಕೆ ಆಯಾ, ಗಲ್ಫಿನ ಹಣದಿಂದ ಕಟ್ಟಿದ ಶಿರ್ವದ ಮನೆಗಳಲ್ಲಿ ನರ್ಸ್. ಮೊದಲ ಮನೆಯವರೇ, “ಕಾರ್ಕಳದ ಮಾಸ್ಟ್ರನ್ನು ಬೀಳಿಸಿದವಳು ನೀನೇ ಅಲ್ವಾ?” ಎಂದು ಕೇಳಿ ಗೇಟಿನಿಂದ ವಾಪಸು ಕಳಿಸಿದರು. ಅದು ನನ್ನದೇ ಊರು, ನನ್ನದೇ ಇಗರ್ಜಿಯ ಜನ. ಆ ಭಾನುವಾರ ಪೂಜೆ ಬಿಡುವಾಗ ನಾನು ಮೆಟ್ಟಿಲಲ್ಲೇ ಅವರನ್ನು ತಡೆದು ಜಗಳ ಮಾಡಿದೆ. ಪಾದ್ರಿಗಳು ಬಂದು ಬಿಡಿಸಬೇಕಾಯಿತು. ನಾನು ಜಾಮೀನು ನಿಂತ ಮೇಲೆ ಬೇರೆ ಮನೆಗಳಲ್ಲಿ ಕೆಲಸ ಸಿಕ್ಕಿತು. ಆದರೆ ಪ್ರತಿ ಹೊಸ ಮನೆಯಲ್ಲಿಯೂ ಅದೇ ಪ್ರಶ್ನೆ, ಅವಳದ್ದು ಅದೇ ಉತ್ತರ, “ನಾನು ಬಿಟ್ಟು ಹೋದವಳಲ್ಲ.”

ಈಗ ಹೇಳಿ, ಪ್ರತಿಮಾ ಫೋನಿನಲ್ಲಿ, “ನಮ್ಮನ್ನು ಆಯಾ ಮಾಡಿದ್ದಾರೆ” ಎಂದು ಅತ್ತರೆ ನಾನು ಏನು ಮಾಡಬೇಕಿತ್ತು?

ಎರಡು ದಿನ ಬಿಟ್ಟು ನಾನೇ ಫೋನ್ ಮಾಡಿದೆ. ಸಿಟ್ಟು ಇಳಿದದ್ದಕ್ಕಲ್ಲ. ಫೋನ್ ಇಟ್ಟುಬಿಟ್ಟರೆ ಬೈಯಲಿಕ್ಕೆ ಆಗುವುದಿಲ್ಲ ಎಂದು ಗೊತ್ತಾದದ್ದಕ್ಕೆ.

“ಅಲ್ಲಿ ಬೆಲ್ಲು ಎಷ್ಟು ಸಲ ಆಗ್ತದೆ?” ಎಂದು ಕೇಳಿದೆ.

“ಅಂದರೆ ಮೇಡಂ?”

“ಬೆಡ್‌ಪ್ಯಾನಿಗೆ ಎಷ್ಟು, ಇಂಜೆಕ್ಷನಿಗೆ ಎಷ್ಟು?”

“ಇಲ್ಲಿ ಒಂದೇ ಬೆಲ್ಲು ಮೇಡಂ. ಯಾರಾದರೂ ಹೋಗಲೇಬೇಕು.” ಆಮೇಲೆ ಮೆಲ್ಲ ಸ್ವರದಲ್ಲಿ, “ಪ್ರತಿ ಸಲ ಆಗುವಾಗ ನನಗೆ ಮಾಸ್ಟ್ರ ನೆನಪಾಗ್ತದೆ. ಗುಲಾಬಿ ಆಯಾಳನ್ನು ಲ್ಯಾಬಿಗೆ ಕಳಿಸಿದ್ದು ನಾನೇ” ಎಂದಳು.

ಇಷ್ಟು ವರ್ಷ ಕಾದ ಮಾತು. ಕೇಳಿದ ಮೇಲೆ ಹಗುರ ಆಗಬೇಕಿತ್ತು, ಇನ್ನಷ್ಟು ಉರಿಯಿತು. “ನನಗೆ ಯಾಕೆ ಹೇಳ್ತೀ? ನನಗೆ ಅಂದೇ ಗೊತ್ತಿತ್ತು. ಅವಳಿಗೆ ಹೇಳು. ಮತ್ತೆ ಆಯಾ ಅಲ್ಲ, ಗುಲಾಬಿಯಕ್ಕ ಅನ್ನು. ಮಾಸ್ಟ್ರ ಮನೆಗೂ ಹೇಳು. ಅವರು ಕೋಲು ಹಿಡಿದುಕೊಂಡು ಈಗಲೂ ನಡೀತಾರೆ, ಕಿವಿ ಚೆನ್ನಾಗಿ ಕೇಳ್ತದೆ” ಎಂದು ನಂಬರು ಕೊಟ್ಟೆ. ಮಾಡುತ್ತಾಳೆ ಎಂದು ನನಗೆ ನಂಬಿಕೆ ಇರಲಿಲ್ಲ.

ಮಾಡಿದಳು. ಮೊದಲು ಮಾಸ್ಟ್ರ ಮನೆಗೆ, ಆಮೇಲೆ ಕಾಪುವಿಗೆ. ಆಮೇಲೆ ನನಗೆ ಮೆಸೇಜು ಹಾಕಿದಳು: “ಮೇಡಂ, ನೀವು ಎಲ್ಲಾದರೂ ಇದನ್ನು ಬರೆಯುವುದಾದರೆ ನನ್ನ ಹೆಸರು ಹಾಕಿಯೇ ಬರೆಯಿರಿ.” ಹಾಕಿದ್ದೇನೆ. ಆಸ್ಪತ್ರೆಯ ಹಳಬರು ಯಾರಾದರೂ ಓದುತ್ತಿದ್ದರೆ ಕೇಳಿಸಿಕೊಳ್ಳಿ: ಗುಲಾಬಿ ರೋಗಿಯನ್ನು ಬಿಟ್ಟು ಹೋಗಲಿಲ್ಲ. ಸಿಸ್ಟರ್ ಕಳಿಸಿದ್ದಕ್ಕೆ ಹೋದಳು. ಬಿಟ್ಟವರು ನೀವು.

ನಾನು ಕಾಪುವಿಗೆ ಹೋಗಿ ಗುಲಾಬಿಯಕ್ಕನನ್ನು ಕೇಳಿದೆ, ಹುಡುಗಿ ಎಂತ ಹೇಳಿದಳು ಎಂದು. ಅವಳು ಅಂಗಳದಲ್ಲಿ ಕೂತು ಬಂಗುಡೆ ಮೀನು ತೊಳೆಯುತ್ತಿದ್ದಳು.

“ಹೇಳಿದಳು. ತುಂಬಾ ಅತ್ತಳು. ನನಗೂ ಸಿಟ್ಟು ಬಂತು ಬಾಯಮ್ಮ, ಎರಡು ಮಾತು ಬೈದೆ. ಮತ್ತೆ ಅವಳ ಕೆಲಸದ ಬಗ್ಗೆ ಕೇಳಿದೆ. ಅಲ್ಲಿ ಹಿಮ ಬೀಳ್ತದಂತೆ. ಬೆಡ್‌ಪ್ಯಾನ್ ಬಿಸಿ ಮಾಡಿ ಇಡ್ತೀಯಾ ಇಲ್ವಾ ಅಂತ ಕೇಳಿದೆ. ಅದು ಅವಳಿಗೆ ಗೊತ್ತೇ ಇಲ್ಲ! ನಾನು ಹೇಳಿಕೊಟ್ಟೆ.”

ಗುಲಾಬಿಯಕ್ಕ ಕ್ಷಮಿಸಿರಬಹುದು. ಅದು ಅವಳ ದೊಡ್ಡತನ, ನನಗೆ ಅಷ್ಟು ಇಲ್ಲ. ಸಾಹೇಬರ ಕಡೆಯಿಂದ ಇವತ್ತಿನ ತನಕ ಅವಳಿಗೆ ಒಂದು ಫೋನ್ ಬಂದಿಲ್ಲ. ಬರುವ ತನಕ ನಾನು ಸಿಟ್ಟಿನಲ್ಲೇ ಇರುವವಳು.

ಮಕ್ಕಳೇ, ಟಿಪ್ಸ್ ಕೇಳಿದಿರಲ್ಲ. ನಿಮ್ಮನ್ನು ಯಾವ ಊರಿನಲ್ಲಿ ಯಾವ ಹೆಸರಿನಿಂದ ಕರೆದರೂ ಅದರ ತಲೆಬಿಸಿ ಬೇಡ. ಬೆಲ್ಲು ಎಷ್ಟು ಸಲ ಆಯಿತೆಂದು ಎಣಿಸಬೇಡಿ. ಏಳಿ.